ಸರಪಳಿಗೆ ವೈಫೈ ಇರಲಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಯಿತು. ತುಂಡಾಗುವ ಮುಂಚೆ ಅದು ಯಾರ ಮೊಬೈಲಿಗೂ ನೋಟಿಫಿಕೇಶನ್ ಕಳಿಸಲಿಲ್ಲ. ಎಪ್ಪತ್ತು ವರ್ಷ ಹಗಲೂ ರಾತ್ರಿ ಭಾರ ಹೊತ್ತು ನಿಂತ ಕಬ್ಬಿಣ, ಹಳೇ ಕಾಲದ ನಿಯತ್ತಿನ ನೌಕರನ ಹಾಗೆ, ರಾಜೀನಾಮೆ ಪತ್ರವನ್ನೂ ಬರೆಯದೆ ಹೊರಟುಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಹೊಳೆಪಾಲು. ಆ ಒಂದೇ ಕಿಂಡಿಯಲ್ಲಿ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗುತ್ತಿತ್ತು. ಡ್ಯಾಮಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬೇಸಿಗೆ ಬೆಳೆಗೆಂದು ಕೂಡಿಟ್ಟ ನೀರು ರೈತರ ಕಣ್ಣೆದುರೇ ಹರಿದುಹೋಯಿತು.

ಬೆಳಗಾಗುವುದರೊಳಗೆ ನಮ್ಮ ಕಸುಬಿನವರು ಎದ್ದು ಕೂತರು. ನಮ್ಮ ಕಸುಬು ಎಂಬೆಡೆಡ್ ಹಾರ್ಡ್‌ವೇರ್. ಅಂಗೈಯಗಲದ ಬೋರ್ಡಿನ ಮೇಲೆ ಒಂದು ಚಿಪ್ಪು, ನಾಲ್ಕು ಸೆನ್ಸರು, ಒಂದು ರಿಲೇ ಕೂಡಿಸಿ ಲೋಕೋದ್ಧಾರ ಮಾಡುವುದು. ವಾಟ್ಸಾಪಿನಲ್ಲಿ ಪರಿಹಾರಗಳ ಜಾತ್ರೆಯೇ ನೆರೆಯಿತು. ಐಒಟಿ ಹಾಕಬೇಕಿತ್ತು ಅಂದ ಒಬ್ಬ. ಎಐ ಇದ್ದಿದ್ದರೆ ಮೂರು ತಿಂಗಳ ಮೊದಲೇ ಹೇಳಿಬಿಡುತ್ತಿತ್ತು ಅಂದ ಇನ್ನೊಬ್ಬ. ಡ್ರೋನು ಹಾರಿಸೋಣ ಅಂದವನಿಗೆ ಹನ್ನೊಂದು ಲೈಕು. ಬೆಂಗಳೂರಿನಲ್ಲಿ ಕೂತವನೊಬ್ಬ ‘ಡಿಜಿಟಲ್ ಟ್ವಿನ್’ ಮಾಡಿಕೊಡುತ್ತೇನೆ ಅಂತ ಅಂದಾಜುಪಟ್ಟಿಯನ್ನೇ ಹಾಕಿದ. ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ತುಂಗಭದ್ರಾ ಡ್ಯಾಮು. ಹೊರಗಿರುವ ಒಂದನ್ನೇ ಸಂಭಾಳಿಸಲು ಆಗದವರಿಗೆ ಒಳಗೊಂದು ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದವರನ್ನು ಗ್ರೂಪಿನಿಂದ ತೆಗೆಯುತ್ತಾರೆ.

ಅತ್ತ ಡ್ಯಾಮಿನ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ಲೋಗೋ ಇರಲಿಲ್ಲ. ಎಂಬತ್ತರ ಆಸುಪಾಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಈ ಡ್ಯಾಮಿಗೆ ಸ್ಟಾಪ್‌ಲಾಗ್ ಗೇಟಿನ, ಅಂದರೆ ಗೇಟು ಕೆಟ್ಟಾಗ ಕಿಂಡಿಗೆ ಇಳಿಸುವ ತಾತ್ಕಾಲಿಕ ತಡೆಯ, ವ್ಯವಸ್ಥೆಯೇ ಇರಲಿಲ್ಲ. ಹರಿಯುವ ನೀರಿನಲ್ಲೇ, ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚುವುದು ಅಂತ ತೀರ್ಮಾನವಾಯಿತು. ತೋರಣಗಲ್ಲಿನಲ್ಲೂ ಹೊಸಪೇಟೆ ಸುತ್ತಮುತ್ತಲಿನ ವರ್ಕ್‌ಶಾಪುಗಳಲ್ಲೂ ವೆಲ್ಡಿಂಗ್ ಕಿಡಿ ಹಾರಿತು. ಮೊದಲ ಪ್ರಯತ್ನ ಕೂಡಿಬರಲಿಲ್ಲ. ಆಗಸ್ಟ್ 16ಕ್ಕೆ ಮೊದಲ ತುಂಡು ಕೂತಿತು, ಮರುದಿನ ಉಳಿದವು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಕ್ರೇನಿನ ಲಿವರು ಹಿಡಿದ ಕೈಗೆ, ಕೆಳಗೆ ಭೋರ್ಗರೆಯುವ ನೀರಿಗೆ, ಮೇಲಿಂದ ‘ಇನ್ನೊಂದು ಚೂರು ಬಿಡು, ಬಿಡು, ಹಿಡಿ’ ಅಂತ ಕೂಗುವ ಗಂಟಲಿಗೆ ಯಾವ ಆ್ಯಪೂ ಬೇಕಾಗಲಿಲ್ಲ. ಪುಣ್ಯಕ್ಕೆ ಮಳೆರಾಯ ಆಮೇಲೆ ಡ್ಯಾಮನ್ನು ಮತ್ತೆ ತುಂಬಿಸಿದ. ಅವನಿಗೂ ಸ್ಟಾರ್ಟಪ್ ನೋಂದಣಿ ಇಲ್ಲ.

ಇದಾದ ಮೇಲೆ ನಮ್ಮ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹ್ಯಾಕಥಾನ್. ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಇಪ್ಪತ್ನಾಲ್ಕು ಗಂಟೆ ನಿದ್ದೆಗೆಟ್ಟರೆ ನಾವೀನ್ಯ ಹುಟ್ಟುತ್ತದೆ ಎಂಬುದು ಈ ಆಟದ ಸಿದ್ಧಾಂತ. ಹಾಗಿದ್ದರೆ ನಮ್ಮ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನವರಿಗೆ ಇಷ್ಟೊತ್ತಿಗೆ ನೊಬೆಲ್ ಬರಬೇಕಿತ್ತು. ಎಲ್ಲ ಮೇಜಿನ ಮೇಲೂ ಥರ್ಮಾಕೋಲಿನ ಡ್ಯಾಮು. ಒಂದನ್ನು ಹತ್ತಿರದಿಂದ ನೋಡಿದೆ. ನೀಲಿ ಬಣ್ಣ ಕಲಸಿದ ನೀರು, ಐಸ್‌ಕ್ರೀಂ ಕಡ್ಡಿಗಳ ಗೇಟು, ಅದನ್ನೆತ್ತಲು ಬೆರಳುದ್ದದ ಸರ್ವೋ ಮೋಟಾರು, ಮಟ್ಟ ಅಳೆಯಲು ಗೂಬೆಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರು, ಪಕ್ಕದಲ್ಲಿ ಇಎಸ್‌ಪಿ32 ಬೋರ್ಡು. ಇಂಟರ್ನೆಟ್ಟು ಹುಡುಗನ ಮೊಬೈಲಿನ ಹಾಟ್‌ಸ್ಪಾಟಿನಿಂದ. ನೀರು ಏರಿತು, ಗೇಟು ಎದ್ದಿತು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹುಡುಗನಿಗೆ ಅವನ ಅವ್ವನ ಫೋನು ಬಂತು, ಊಟ ಆಯ್ತೇನೋ ಅಂತ ಕೇಳಲು. ಹಾಟ್‌ಸ್ಪಾಟು ಕಡಿಯಿತು. ಗೇಟು ತೆರೆದದ್ದು ತೆರೆದ ಹಾಗೇ ನಿಂತಿತು, ಮೇಜಿನಡಿಯ ಎಕ್ಸ್‌ಟೆನ್ಶನ್ ಬೋರ್ಡಿನವರೆಗೂ ಪ್ರವಾಹ.

‘ಗೇಟೇ ಕಿತ್ಕೊಂಡು ಹೋದ್ರೆ ಏನ್ ಮಾಡ್ತೀಯಪ್ಪಾ?’ ಅಂದೆ.

‘ಅಲರ್ಟ್ ಹೋಗ್ತೈತಿ ಸಾರ್.’

‘ಯಾರಿಗೆ?’

‘ಕ್ಲೌಡಿಗೆ ಸಾರ್.’

ಮೊದಲ ಬಹುಮಾನ ಅದಕ್ಕೇ ಬಂತು. ಉಳಿದವು ಅದಕ್ಕಿಂತ ಕೆಟ್ಟದಾಗಿದ್ದವು ಅಂತಲ್ಲ, ಉಳಿದವೂ ಅದೇ ಆಗಿದ್ದವು. ಹುಡುಗನದೇನೂ ತಪ್ಪಿಲ್ಲ. ಗೇಟು ಅಂದರೆ ಏನು, ಅದರ ಕೊಂಡಿ ಎಷ್ಟು ದಪ್ಪ, ಅದು ಎಲ್ಲಿ ತುಕ್ಕು ಹಿಡಿಯುತ್ತದೆ ಅಂತ ಅವನಿಗೆ ಯಾರೂ ತೋರಿಸಿಲ್ಲ. ಡ್ಯಾಮು ಕಾಲೇಜಿಗೆ ಬಲು ಹತ್ತಿರ, ಸಿಲಬಸ್ಸಿಗೆ ಮಾತ್ರ ದೂರ.

ಡ್ಯಾಮಿನ ಪಕ್ಕದ ಹೊಸಪೇಟೆಯಲ್ಲೇ ಗೇಟು ಮಾಡುವ ಕಾರ್ಖಾನೆಯೊಂದಿತ್ತು ಅಂತ ಹೇಳಿದರೆ ಆ ಹುಡುಗ ನಂಬಲಿಕ್ಕಿಲ್ಲ. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಊರವರ ಬಾಯಲ್ಲಿ ಟಿಎಸ್‌ಪಿ. 1960ರಲ್ಲಿ ಮೈಸೂರು (ಈಗಿನ ಕರ್ನಾಟಕ), ಆಂಧ್ರ ಸರ್ಕಾರಗಳು ಕೂಡಿ ಕಟ್ಟಿದ ಕಂಪನಿ, ಆಮೇಲೆ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಅಲ್ಲಿ ಮಾಡುತ್ತಿದ್ದದ್ದು ಅಣೆಕಟ್ಟಿನ ಗೇಟು, ಗೇಟನ್ನೆತ್ತುವ ಹಾಯ್ಸ್ಟು, ವಿದ್ಯುತ್ ಯೋಜನೆಗಳ ಪೆನ್‌ಸ್ಟಾಕ್ ಪೈಪು. ದೇಶಕ್ಕೆಲ್ಲ ಗೇಟು ಕಳಿಸುತ್ತಿದ್ದ ಊರು ಹೊಸಪೇಟೆ. ನಷ್ಟ ಏರಿತು, ಕೆಲಸಗಾರರು ಕರಗಿದರು, 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಬಾಗಿಲು ಮುಚ್ಚಲು ಒಪ್ಪಿಗೆ ಕೊಟ್ಟಿತು. ಎಕರೆಗೆ 66 ಲಕ್ಷದ ಲೆಕ್ಕದಲ್ಲಿ 82 ಎಕರೆ ಚಿಲ್ಲರೆ ಜಮೀನು ರಾಜ್ಯ ಸರ್ಕಾರದ ಪಾಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಜಿಲ್ಲಾಧಿಕಾರಿ ಕಚೇರಿ ಟಿಎಸ್‌ಪಿ ಆವರಣದಲ್ಲೇ ನೆಲೆಯೂರಿತು. ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷ ತುಂಬುವ ಮೊದಲೇ ಸರಪಳಿ ತುಂಡಾಯಿತು. ಗೇಟು ಬೆಸೆಯುತ್ತಿದ್ದ ನೆಲದಲ್ಲಿ ಈಗ ಕಡತ ಬೆಸೆಯುತ್ತಾರೆ. ಕಡತಕ್ಕೆ ತುಕ್ಕು ಹಿಡಿಯುವುದಿಲ್ಲ, ಆ ಮಟ್ಟಿಗೆ ಇದು ಮೇಲುದರ್ಜೆ ತಂತ್ರಜ್ಞಾನವೇ.

ಡ್ಯಾಮಿನ ಕೆಳಗೆ ಕಂಪ್ಲಿ. ಅಲ್ಲಿ ಭತ್ತದ ಗದ್ದೆಗೆ ಬೆಂಗಳೂರಿನ ಸ್ಟಾರ್ಟಪ್ಪೊಂದು ಮಣ್ಣಿನ ತೇವಾಂಶ ಅಳೆಯುವ ಸೆನ್ಸರು ನೆಟ್ಟು ಹೋಗಿತ್ತು. ಮತ್ತೊಮ್ಮೆ ಓದಿ: ಭತ್ತದ ಗದ್ದೆಗೆ. ಪಾದ ಮುಳುಗುವಷ್ಟು ನೀರು ನಿಂತಿರುವ ಗದ್ದೆಯಲ್ಲಿ ನಿಂತು ಆ ಸೆನ್ಸರು ಹಗಲೂ ರಾತ್ರಿ ‘ತೇವಾಂಶ 100%’ ಅಂತ ವರದಿ ಕಳಿಸುತ್ತಿತ್ತು. ಅಷ್ಟು ಖಚಿತವಾದ ದತ್ತಾಂಶ ನನ್ನ ವೃತ್ತಿಜೀವನದಲ್ಲಿ ಕಂಡಿಲ್ಲ. ಕೆಲವು ವಾರಕ್ಕೆ ಅದರ ಕಡ್ಡಿಗಳ ಲೇಪ ಸವೆದು ಹಸಿರುಗಟ್ಟಿತು, ಆಗ ಗದ್ದೆ ಒಣಗಿದೆ ಅಂತ ಹೇಳತೊಡಗಿತು. ನೀರಿನಲ್ಲಿ ನಿಂತ ಕೊಕ್ಕರೆಗಳು ಒಪ್ಪಲಿಲ್ಲ.

ಅದೇ ಗದ್ದೆಯ ಯಜಮಾನರ ಮೋಟಾರು ಶೆಡ್ಡಿಗೆ ಹೋದೆ. ಗೋಡೆಗೊಂದು ತಗಡಿನ ಸ್ಟಾರ್ಟರ್ ಡಬ್ಬಿ. ಒಳಗೆ ಕಾಂಟ್ಯಾಕ್ಟರು, ಮೂರು ಫ್ಯೂಸು, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರು, ಮೂಲೆಯಲ್ಲಿ ಬಿಳಿ ನುಸಿಗುಳಿಗೆ ಎರಡು.

‘ಇದ್ಯಾಕ್ರಿ ಗೌಡ್ರೆ ನುಸಿಗುಳಿಗಿ?’

‘ಇರುವಿ ಸಾರ್. ಪಾಯಿಂಟಿನ ನಡುವ ಸಿಕ್ಕೊಂಡು ಸಾಯ್ತಾವ, ಕರೆಂಟ್ ಹಿಡಿಯಂಗಿಲ್ಲ, ಮೋಟರ್ ಎರಡು ಫೇಸಿನಾಗ ಓಡಿ ಸುಟ್ಟು ಹೋಗ್ತೈತಿ. ಇದನ್ನಿಟ್ರ ಹತ್ರ ಸುಳಿಯಂಗಿಲ್ಲ.’

ನಮ್ಮ ಕಸುಬಿನಲ್ಲಿ ಇದಕ್ಕೆ ಐಪಿ67 ಡಬ್ಬಿ ಅಂತ ಇದೆ. ದೂಳು ಬರದು, ನೀರು ಬರದು. ಹಾಗೆಯೇ ಒಳಗಿನ ಬಿಸಿ ಹೊರಗೆ ಹೋಗದು, ಬಳ್ಳಾರಿ ಸೀಮೆಯ ಏಪ್ರಿಲ್ಲಿನಲ್ಲಿ ಒಳಗಿನ ಬೋರ್ಡು ಬೆಂದೇ ಹೋಗುತ್ತದೆ. ಅದರ ಬೆಲೆಯಲ್ಲಿ ಹಳ್ಳಿಗಾಗುವಷ್ಟು ನುಸಿಗುಳಿಗೆ ಬರುತ್ತದೆ. ಕರ್ನಾಟಕದ ಹೊಲಗಳಲ್ಲಿ ನಿಜಕ್ಕೂ ಗೆದ್ದ ಎಂಬೆಡೆಡ್ ಹಾರ್ಡ್‌ವೇರ್ ಯಾವುದು ಅಂದರೆ ಈ ಮೊಬೈಲ್ ಸ್ಟಾರ್ಟರು. ಮೂರು ಫೇಸ್ ಕರೆಂಟು ನಡುರಾತ್ರಿ ಬಂದರೂ ರೈತ ಹಾವು ಚೇಳು ತುಳಿಯದೆ ಹಾಸಿಗೆಯಿಂದಲೇ ಮೋಟಾರು ಎಬ್ಬಿಸುತ್ತಾನೆ. ಯಾವ ಸಮಾವೇಶದಲ್ಲೂ ಇದಕ್ಕೆ ಶಾಲು ಹೊದಿಸಿದ್ದು ನಾ ಕಾಣೆ. ಒಂದು ದೂರು ಮಾತ್ರ ಗೌಡರು ಹೇಳಿದರು: ‘ಮನ್ಯಾಗ ನಾಕು ಮಂದಿ ರೀಚಾರ್ಜ್, ಐದನೇದು ಮೋಟರಿಂದು. ಮಾತಾಡಂಗಿಲ್ಲ, ವಿಡಿಯೋ ನೋಡಂಗಿಲ್ಲ, ಆದ್ರೂ ಪೂರ್ತಿ ಪ್ಯಾಕ್ ಹಾಕ್ಬೇಕು.’ ಇದಕ್ಕೆ ಪರಿಹಾರ ಹುಡುಕುವ ಸ್ಟಾರ್ಟಪ್ಪು ಇನ್ನೂ ಹುಟ್ಟಿಲ್ಲ. ಇದಕ್ಕೆ ಪಿಚ್ ಡೆಕ್ ಚೆನ್ನಾಗಿ ಬರುವುದಿಲ್ಲ, ನೋಡಿ.

ಇನ್ನು ಸಂಡೂರಿನ ಅದಿರು ಗಣಿಗಳ ವಿಷಯ. ಬೇಗ ಮುಗಿಸುತ್ತೇನೆ, ದೂಳು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾಗುವಾಗ ಅದಿರು ಇ-ಹರಾಜಾಯಿತು, ಪರ್ಮಿಟ್ಟು ಆನ್‌ಲೈನ್ ಆಯಿತು, ಲಾರಿಗೆ ಜಿಪಿಎಸ್ ಬಂತು. ಒಳ್ಳೆಯದೇ. ಜೆರಾಕ್ಸ್ ಅಂಗಡಿಯಲ್ಲಿ ಪರ್ಮಿಟ್ಟು ಹುಟ್ಟುವ ಕಾಲಕ್ಕಿಂತ ಇದು ಎಷ್ಟೋ ವಾಸಿ. ಲಾರಿ ಎಲ್ಲಿದೆ ಅಂತ ಜಿಪಿಎಸ್ ಡಬ್ಬಿಗೆ ಗೊತ್ತು. ಲಾರಿ ಹಾದುಹೋದ ಮೇಲೆ ರಸ್ತೆ ಬದಿಯ ಮನೆಯ ರೊಟ್ಟಿಯ ಬಣ್ಣ ಏನು ಅಂತ ಅದಕ್ಕೆ ಕಾಣುವುದಿಲ್ಲ. ಕಳ್ಳತನ ಅಳೆಯುವ ಸೆನ್ಸರಿಗೆ ದುಡ್ಡಿದೆ, ಕೆಮ್ಮು ಅಳೆಯುವ ಸೆನ್ಸರಿಗೆ ಇನ್ನೂ ಟೆಂಡರು ಕರೆದಿಲ್ಲ.

ಹೊರಗಿನ ಸಲಹೆಗಾರನನ್ನು ಕರೆಸುವ ಚಟ ನಮ್ಮ ಊರಿಗೆ ಇಂದಿನದಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಎರಡು ಗುಡ್ಡದ ನಡುವೆ ಕೆರೆ ಕಟ್ಟಿಸಲು ಗೋವಾದಿಂದ ಜೋವಾ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದವನನ್ನು ಕರೆಸಿದನಂತೆ. ಹೊಸಪೇಟೆ ಪಕ್ಕದ ರಾಯರ ಕೆರೆಯೇ ಅದು ಅಂತ ಗುರುತಿಸುವವರಿದ್ದಾರೆ. ಕನ್ಸಲ್ಟೆಂಟಿಗೆ ಒಳಗೊಳಗೆ ಇದು ಆಗದ ಕೆಲಸ ಅನ್ನಿಸಿತಂತೆ, ಬಾಯಲ್ಲಿ ಮಾತ್ರ ‘ಮಾಡಿಕೊಡ್ತೀನಿ, ಸುಣ್ಣ ತರಿಸಿ’ ಅಂದನಂತೆ. ಐನೂರು ವರ್ಷದಲ್ಲಿ ಕನ್ಸಲ್ಟೆನ್ಸಿ ಧರ್ಮ ಒಂದಿನಿತೂ ಕೆಟ್ಟಿಲ್ಲ. ಸುಣ್ಣದ ಮಾತಿಗೆ ದೊರೆ ನಕ್ಕ. ಆಮೇಲೆ ದೊರೆಯ ಆಜ್ಞೆಯಂತೆ ಬಂಡೆಗಳನ್ನು ಉರುಳಿಸಿದರು, ಕಟ್ಟಿದ್ದೆಲ್ಲ ಕುಸಿಯಿತು. ಬಲಿ ಕೊಡಬೇಕು ಅಂತ ಪಂಡಿತರ ಸಲಹೆಯಾಗಿ, ಸೆರೆಯಲ್ಲಿದ್ದವರ ತಲೆ ಉರುಳಿದವು. ಕೆಲಸ ಕೆಟ್ಟಾಗ ಕೆಳಗಿನವನ ತಲೆ ಕೇಳುವ ಪದ್ಧತಿಯಲ್ಲಿ ನಾವು ಬಹಳ ಸುಧಾರಿಸಿದ್ದೇವೆ, ಈಗ ಸಸ್ಪೆಂಡ್ ಮಾಡುತ್ತೇವೆ.

ಹಾಗಂತ ಹಿಂದಿನವರೇ ಜಾಣರು, ಸೆನ್ಸರು ಸುಡುಗಾಡು ಬೇಡ ಅನ್ನುವ ಜಾತಿಯವನಲ್ಲ ನಾನು. ಹಂಪಿಯ ಬಾಳೆತೋಟಕ್ಕೆ ವಿಜಯನಗರದ ಕಾಲದ ತುರ್ತು ಕಾಲುವೆಯ ನೀರು ಇವತ್ತಿಗೂ ಹರಿಯುತ್ತದೆ ಅಂತ ಭಾಷಣ ಮಾಡುವವರು, ಅದರ ಹೂಳು ಎತ್ತುತ್ತ ಬಂದವರ ಹೆಸರು ಹೇಳುವುದಿಲ್ಲ. ಡ್ಯಾಮಿನ ಲೆಕ್ಕ ನೋಡಿ. 133 ಟಿಎಂಸಿ ಹಿಡಿಯಬೇಕಿದ್ದದ್ದು ಹೂಳು ತುಂಬಿ 105.788ಕ್ಕೆ ಇಳಿದಿದೆ. ಹೂಳಿಗೆ ಬ್ಲೂಟೂತ್ ಜೋಡಿಸಲು ಆಗದೆ ನಮ್ಮವರು ಕೈಬಿಟ್ಟಿದ್ದಾರೆ.

ಸರಪಳಿಯ ಮೇಲೆ ಬೀಳುವ ಭಾರ ಅಳೆಯಲು ಲೋಡ್ ಸೆಲ್ ಇದೆ. ಸವೆದ ಕೊಂಡಿಯ ದಪ್ಪ ಅಳೆಯಲು ಅಲ್ಟ್ರಾಸಾನಿಕ್ ಕೈಯಂತ್ರವಿದೆ, ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಒಂದೊಂದೇ ಕೊಂಡಿಗೆ ಒತ್ತಿ ನೋಡಬೇಕು. 33 ಗೇಟಿಗೂ ಮಾಡಬಹುದು, ಮಾಡಲೇಬೇಕು. ಕಷ್ಟ ಎಲ್ಲಿ ಅಂದರೆ, ಯಂತ್ರದ ಖರೀದಿಗೆ ಉದ್ಘಾಟನೆ ಇದೆ, ಫೋಟೋ ಇದೆ. ಆ ಮನುಷ್ಯನ ನೇಮಕಾತಿಗೆ ಇಲ್ಲ. ಅಲಾರಂ ರಾತ್ರಿ ಹನ್ನೊಂದಕ್ಕೆ ಹೊಡೆದುಕೊಂಡರೆ ಎದ್ದು, ಟಾರ್ಚು ಹಿಡಿದು, ಗೇಟಿನವರೆಗೆ ನಡೆದು ಹೋಗಿ ಅದನ್ನು ಇಳಿಸಲು ಅಧಿಕಾರ ಇರುವವನು ಯಾರು, ಅವನು ಖಾಯಂ ನೌಕರನೋ ಹನ್ನೊಂದು ತಿಂಗಳ ಗುತ್ತಿಗೆಯವನೋ ಎಂಬುದು ಸರ್ಕ್ಯೂಟಿನ ಭಾಗವೇ. ಅದನ್ನು ಬಿಟ್ಟು ಬರೆದ ಸರ್ಕ್ಯೂಟು ನನ್ನ ಪ್ರಕಾರ ಓಪನ್ ಸರ್ಕ್ಯೂಟು.

2025ರಲ್ಲಿ ಡ್ಯಾಮಿಗೆ ನೀರು ಬಂದರೂ, ಗೇಟುಗಳ ಮೇಲೆ ನಂಬಿಕೆಯಿಲ್ಲದೆ 80 ಟಿಎಂಸಿಗೇ ಸಂಗ್ರಹ ನಿಲ್ಲಿಸಿದರು. 19ನೇ ಗೇಟಿಗೆ ಬದಲಿ ಮಾಡಿಕೊಡುವ ಗುತ್ತಿಗೆ ಗುಜರಾತಿನ ಕಂಪನಿಯೊಂದಕ್ಕೆ ಹೋಯಿತು. ಗೇಟು ಮಾಡುವ ಕಾರ್ಖಾನೆ ಹೊಸಪೇಟೆಯಲ್ಲಿ ಇದ್ದಿದ್ದರೆ ಇಲ್ಲೇ ಆಗುತ್ತಿತ್ತೇನೋ.

ಮುಂದಿನ ಹ್ಯಾಕಥಾನ್ ನಡೆಸುವವರಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗೆ ಪಿಜ್ಜಾ, ಟೀಶರ್ಟು ಕೊಡುವ ಖರ್ಚಿನಲ್ಲಿ ಒಂದು ಬಸ್ಸು ಮಾಡಿ, ಅನುಮತಿ ತಗೊಂಡು ಡ್ಯಾಮಿನ ಮೇಲೆ ಕರೆದುಕೊಂಡು ಹೋಗಿ, ಒಂದು ಗೇಟಿನ ಕೊಂಡಿ ಮುಟ್ಟಿಸಿ. ಲ್ಯಾಪ್‌ಟಾಪು ಬಸ್ಸಿನಲ್ಲೇ ಇರಲಿ.