“ರಾತ್ರಿ ಆಟ ಇದೆ, ಹೋಗ್ತ್ರಾ?”

ನಮ್ಮ ನಾಲ್ವರ ವಾಟ್ಸ್‌ಆ್ಯಪ್ ಗುಂಪಿಗೆ ‘ಗೋವಾ ಫೈನಲ್’ ಅಂತ ಹೆಸರಿಟ್ಟು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷದಲ್ಲಿ ಇಬ್ಬರಿಗೆ ಸಕ್ಕರೆ ಬಂತು, ಒಬ್ಬನ ಮಗಳ ಮದುವೆಯಾಗಿ ಮೊಮ್ಮಗ ಶಾಲೆಗೆ ಸೇರಿದ. ಗೋವಾ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಈ ಮಾರ್ಚಿನಲ್ಲಿ ಹೊರಟೇಬಿಟ್ಟೆವು, ಗೋಕರ್ಣಕ್ಕೆ. “ಎರಡೂ ‘ಗೋ’ದಿಂದಲೇ ಶುರು, ಸಮುದ್ರವೂ ಅದೇ, ಖರ್ಚು ಅರ್ಧ” ಅಂತ ತೀರ್ಪು ಕೊಟ್ಟವನು ನಮ್ಮ ಖಜಾಂಚಿ. ಅವನ ಮುಂದೆ ಮೇಲ್ಮನವಿ ನಡೆಯುವುದಿಲ್ಲ, ದುಡ್ಡೆಲ್ಲ ಅವನ ಹತ್ತಿರವೇ ಇರುತ್ತದೆ.

ಬೆಂಗಳೂರಿನಿಂದ ರಾತ್ರಿಯ ಸ್ಲೀಪರ್ ಬಸ್ಸು. ಮೇಲಿನ ಬರ್ತಿನಲ್ಲಿ ಬಿಪಿ. ಇದು ಅವನ ಇನಿಷಿಯಲ್ಲು ಅಲ್ಲ, ಕಾಯಿಲೆ. ಅರಬೈಲು ಘಟ್ಟದ ಒಂದೊಂದು ತಿರುವಿಗೂ ಅವನು ಒಬ್ಬೊಬ್ಬ ದೇವರನ್ನು ಕೂಗಿ, ಗೋಕರ್ಣ ಬರುವ ಹೊತ್ತಿಗೆ ಸರಿಯಾಗಿ ಮಹಾಬಲೇಶ್ವರನ ಸರದಿಗೆ ಬಂದು ಮುಟ್ಟಿದ್ದ. ಕುಡ್ಲೆ ಬೀಚಿನ ಪಕ್ಕ ರೂಮು. ಕೀಲಿ ಕೊಡಲು ಬಂದ ಹುಡುಗ ನಮ್ಮ ನಾಲ್ವರನ್ನು ಮೇಲಿಂದ ಕೆಳಗೆ ನೋಡಿ, “ಅಂಕಲ್, ಕೆಳಗಿನ ರೂಮೇ ಕೊಡ್ತೆ. ಮೇಲಿಂದಕ್ಕೆ ಮೆಟ್ಟಿಲು ಜಾಸ್ತಿ ಇದೆ” ಅಂದ. ಪಕ್ಕದ ರೂಮಿನ ಹುಡುಗರಿಗೆ ಅವನೇ ‘ಬ್ರೋ’ ಅನ್ನುತ್ತಿದ್ದ. ಅಲ್ಲಿಗೆ ನಮ್ಮ ಬೀಚ್ ಜೀವನದ ಮೊದಲ ಅಲೆ ಮುಖಕ್ಕೆ ಹೊಡೆಯಿತು.

ಮೊದಲು ದೇವರು, ಆಮೇಲೆ ಬೀಚು ಅಂತ ಬಿಪಿ ಹಟ ಹಿಡಿದ. ಮಹಾಬಲೇಶ್ವರನ ಗುಡಿಯೊಳಗೆ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟೇ ಹೋಗಬೇಕು. ಸಮುದ್ರದಲ್ಲಿ ಅಂಗಿ ಬಿಚ್ಚಲು ನಾಚಿಕೊಂಡು ಟೀ ಶರ್ಟು ಕೊಂಡಿದ್ದ ನಾವು, ನೂರಾರು ಜನರ ಸಾಲಿನಲ್ಲಿ ನಾಲ್ಕು ಹೊಟ್ಟೆಗಳನ್ನು ಮುಂದೆ ಬಿಟ್ಟುಕೊಂಡು ನಿಂತೆವು. ಆ ಸಾಲಿನಲ್ಲಿ ನನಗೆ ರಾವಣನ ಮೇಲೆ ಕನಿಕರ ಬಂತು. ಪಾಪ, ಆತ್ಮಲಿಂಗವನ್ನು ಕೈಲಾಸದಿಂದ ಹೊತ್ತು ತಂದವನು ಸಂಧ್ಯಾವಂದನೆಗೆ ಹೊತ್ತಾಯಿತೆಂದು ಗುರುತಿಲ್ಲದ ಹುಡುಗನ ಕೈಗೆ ಕೊಟ್ಟು “ಐದು ನಿಮಿಷ ಹಿಡ್ಕೋ, ಬಂದೆ” ಅಂದ. ಬಸ್‌ಸ್ಟ್ಯಾಂಡಿನಲ್ಲಿ ಲಗೇಜು ಕಳೆದುಕೊಂಡವರೆಲ್ಲ ಮಾಡಿದ್ದೂ ಇದನ್ನೇ. ಹುಡುಗ ಗಣಪತಿ. ಮೂರು ಸಲ ಕೂಗಿದ, ನೆಲಕ್ಕಿಟ್ಟ. ರಾವಣ ಎಳೆದ ಎಳೆತಕ್ಕೆ ಲಿಂಗ ಹಸುವಿನ ಕಿವಿಯಂತೆ ತಿರುಚಿ ಊರಿಗೆ ಹೆಸರಾಯಿತು, ಸಿಟ್ಟಿನಲ್ಲಿ ಎಸೆದ ತುಣುಕುಗಳು ಮುರ್ಡೇಶ್ವರ, ಧಾರೇಶ್ವರ, ಗುಣವಂತೆ ಅಂತ ಕರಾವಳಿಯುದ್ದಕ್ಕೂ ಬಿದ್ದವು. ಪಕ್ಕದ ಮಹಾಗಣಪತಿ ಗುಡಿಯಲ್ಲಿ ವಿಗ್ರಹದ ನೆತ್ತಿಯ ಮೇಲೆ ರಾವಣ ಗುದ್ದಿದ ಗುಂಡಿಯನ್ನೂ ತೋರಿಸುತ್ತಾರೆ. ಈ ಕತೆಯಿಂದ ಖಜಾಂಚಿ ಕಲಿತದ್ದು ಇಷ್ಟೇ: ಇಡೀ ದಿನ ತನ್ನ ಸೊಂಟದ ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಸ್ನಾನಕ್ಕೂ ಕಟ್ಟಿಕೊಂಡೇ ಹೋದ.

ಬೀಚಿನ ಗುಡಿಸಲು ಹೋಟೆಲಿನಲ್ಲಿ ತಿಂಡಿ. ಇಲ್ಲಿಗೆ ಇಸ್ರೇಲಿನ ಪ್ರವಾಸಿಗಳು ಬಂದು ಬಂದು ಮೆನುವೇ ಅವರ ಊರಿನದಾಗಿದೆ. ಶಕ್ಷೂಕಾ ಅಂದರೆ ಟೊಮೆಟೊ ಗೊಜ್ಜಿಗೆ ಮೊಟ್ಟೆ ಒಡೆದು ಬಿಟ್ಟದ್ದು ಅಂತ ತಿಂದ ಮೇಲೆ ಗೊತ್ತಾಯಿತು. ಹಮ್ಮಸ್ ಬಂತು. ಖಜಾಂಚಿ ಬೆರಳಲ್ಲಿ ನೆಕ್ಕಿ, “ಕಡಲೆ ಚಟ್ನಿ. ಒಗ್ಗರಣೆ ಹಾಕೋದು ಮರೆತಿದ್ದಾರೆ” ಅಂದ. ಬಿಲ್ಲು ನೋಡಿದ ಮೇಲೆ, “ಒಗ್ಗರಣೆ ಇಲ್ಲದ್ದಕ್ಕೇ ಇಷ್ಟು, ಇದ್ದಿದ್ದರೆ?” ಅಂತ ದಿಗಂತ ನೋಡುತ್ತಾ ಕೂತ.

ಕುಡ್ಲೆಯಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚು. ಮಾರ್ಚಿನ ಬಿಸಿಲಿಗೆ ಕಾದ ಜಂಬಿಟ್ಟಿಗೆ ಕಲ್ಲಿನ ದಾರಿ. ಎರಡು ಕಮಾನು ಸೇರಿ ಓಂಕಾರದಂತೆ ಕಾಣುವ ದಡವನ್ನು ಮೇಲಿನಿಂದಲೇ ನೋಡಬೇಕು. ನಮ್ಮ ಕ್ಯಾಮೆರಾ (ಇವನ ನಿಜ ಹೆಸರನ್ನು ಅವನ ಹೆಂಡತಿಯೂ ಮರೆತಿರಬಹುದು) ನಮ್ಮನ್ನು ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ ನಲವತ್ತು ಫೋಟೊ ತೆಗೆದ. ನನಗೇನೋ ಎಷ್ಟು ನೋಡಿದರೂ ಕನ್ನಡದ ೩ ಕಾಣಿಸಿತು. ಹೇಳಿದೆ. “ಪಾಪಿಗಳಿಗೆ ಅಂಕಿಯೇ ಕಾಣೋದು” ಅಂದ ಬಿಪಿ. ಮುಂದೆ ಹಾಫ್ ಮೂನ್, ಪ್ಯಾರಡೈಸ್ ಅಂತ ಇನ್ನೂ ಎರಡು ಬೀಚುಗಳಿವೆ, ನಡೆದೇ ಹೋಗಬಹುದು ಅಂತ ಯಾರೋ ಹೇಳಿದರು. ಸ್ವರ್ಗಕ್ಕೆ ಈಗಲೇ ಅವಸರವಿಲ್ಲ ಅಂತ ನಾಲ್ವರೂ ಒಮ್ಮತದಿಂದ ಅಲ್ಲೇ ನೀರಿಗಿಳಿದೆವು.

ಇಳಿದದ್ದು ಸುಲಭ, ಎಬ್ಬಿಸುವುದು ಕಷ್ಟವಾಯಿತು. ಕ್ಯಾಮೆರಾ ಕುತ್ತಿಗೆವರೆಗೆ ನೀರಲ್ಲಿ ಕೂತವನು ಎಮ್ಮೆಯಂತೆ ಅಲುಗಾಡಲಿಲ್ಲ. ದಡದಿಂದ ಬೈದೆವು, ಬೇಡಿಕೊಂಡೆವು, ನಿನ್ನ ಫೋನು ಬಿಸಿಲಿಗೆ ಕಾದು ಸಿಡಿಯುತ್ತೆ ಅಂದೆವು. ಅದಕ್ಕೆ ಮಾತ್ರ ಎದ್ದು ಓಡಿಬಂದ.

ಮಧ್ಯಾಹ್ನದ ಊಟಕ್ಕೆ ಪೇಟೆಗೆ ಬಂದು ಎರಡು ಪಂಗಡವಾದೆವು. ಖಜಾಂಚಿ, ಕ್ಯಾಮೆರಾ ಮೀನು, ಬಿಪಿ ಶುದ್ಧ ಸಸ್ಯಾಹಾರ. ನಾನು ಎರಡೂ ಪಕ್ಷದ ಸದಸ್ಯ. ಮೊದಲು ಮೀನಿನ ಹೋಟೆಲು: ರವೆ ಹಚ್ಚಿ ಹುರಿದ ಬಂಗಡೆ ತಟ್ಟೆಗೆ ಬಿದ್ದಾಗಲೂ ಚುರ್ ಅನ್ನುತ್ತಿತ್ತು. ತೆಂಗಿನಕಾಯಿ ರುಬ್ಬಿದ ಸಾರು, ಕೆಂಪಕ್ಕಿ ಅನ್ನ, ಮೇಲೆ ಮುರುಗಲಿನ ತಿಳಿ ಗುಲಾಬಿ ಸೋಲ್ ಕಡಿ. ಖಜಾಂಚಿ ಮುಳ್ಳು ಬಿಡಿಸುವುದನ್ನು ನೋಡಬೇಕಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸಿದ ಬೆರಳುಗಳು, ಒಂದು ಎಳೆ ಮಾಂಸವೂ ಸುಮ್ಮನೆ ಹೋಗಲಿಲ್ಲ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಬಾಚಣಿಗೆಯಷ್ಟು ಶುಭ್ರವಾದ ಅಸ್ಥಿಪಂಜರ. ಆಮೇಲೆ ಬಿಪಿಯನ್ನು ಕರೆತರಲು ಹವ್ಯಕರ ಊಟದ ಮನೆಗೆ ಹೋದೆ. ಅವನು ಮೂರನೇ ಲೋಟ ಅಪ್ಪೆಹುಳಿಯಲ್ಲಿದ್ದ. ಅಪ್ಪೆ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಹೊಯ್ದು, ಇಂಗು ಸೂಜಿಮೆಣಸಿನ ಒಗ್ಗರಣೆ ಕೊಟ್ಟ ಈ ನೀರು ನೋಡಲು ಏನೂ ಅಲ್ಲ. ಬಡಿಸುತ್ತಿದ್ದ ಅಮ್ಮ ಹೇಳಿಯೇ ಕೊಟ್ಟರಂತೆ: “ನಿದ್ದೆ ಬತ್ತು, ಜಾಸ್ತಿ ಕುಡಿಯಡಿ.” ಬಿಪಿಗೆ ಭಾಷೆ ಅರ್ಥವಾಗಲಿಲ್ಲ, ರುಚಿ ಅರ್ಥವಾಯಿತು. ರೂಮಿಗೆ ಹೋಗುವ ಆಟೋದಲ್ಲೇ ಗೊರಕೆ ಶುರು.

ಅವನು ಮಲಗಿದ್ದಾಗ ನಾವು ಮೂವರು ಸಾಣಿಕಟ್ಟಾ ಉಪ್ಪಿನ ಆಗರ ನೋಡಿಬಂದೆವು. ಅಘನಾಶಿನಿಯ ಉಬ್ಬರದ ನೀರನ್ನು ಮಡಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಎಳೆದು ಗುಡ್ಡೆ ಹಾಕಿದ ಬಿಳಿ ಸಾಲುಗಳು. ದಾರಿಯಲ್ಲಿ “ಈ ಊರಲ್ಲಿ ಸೆಲೆಬ್ರಿಟಿ ಯಾರೂ ಇಲ್ವಾ?” ಅಂತ ಕ್ಯಾಮೆರಾ ಕೇಳಿದ. ಜಯಂತ ಕಾಯ್ಕಿಣಿ ಇದೇ ಊರಿನವರು, ಯಶವಂತ ಚಿತ್ತಾಲರ ಹನೇಹಳ್ಳಿ ಇಲ್ಲೇ ಹತ್ತಿರ ಅಂದೆ. “ಮುಂಗಾರು ಮಳೆಗೆ ಹಾಡು ಬರೆದೋರಾ?” ಅಂದವನೇ ಮೋಡವೇ ಇಲ್ಲದ ಆಕಾಶದ ಫೋಟೊ ತೆಗೆದುಕೊಂಡ.

ಸಂಜೆ. ಒಂಬತ್ತು ವರ್ಷದಿಂದ ಕಾದ ಆ ಪ್ರಸಿದ್ಧ ‘ನೈಟ್‌ಲೈಫ್’. ಗುಡಿಸಲಿನಲ್ಲಿ ಮೇಣದಬತ್ತಿ, ಮರಳಿನ ಮೇಲೆ ಗುಂಪು ಕಟ್ಟಿಕೊಂಡು ಜೆಂಬೆ ಬಡಿಯುವ ಹುಡುಗರು. ನಾವು ಒಂದು ಬಿಯರ್ ಮೂವರು ಹಂಚಿಕೊಂಡೆವು, ಬಿಪಿಗೆ ನಿಂಬೆ ಸೋಡಾ, ಅದೂ ಉಪ್ಪಿಲ್ಲದೆ. ಸಾಣಿಕಟ್ಟಾದಿಂದ ಅವನಿಗೆಂದು ತಂದ ಉಪ್ಪಿನ ಪ್ಯಾಕೆಟ್ಟನ್ನು ಆಗ ಕೊಟ್ಟದ್ದು ತಪ್ಪಾಯಿತು. ಎಂಟೂವರೆಗೆ ನಾನು ಆಕಳಿಸಿದೆ. ಅದು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂತು. ಇನ್ನು ಮಲಗೋಣ ಅಂತ ಯಾರಾದರೂ ಬಾಯಿಬಿಡಲಿ ಎಂದು ನಾಲ್ವರೂ ಕಾಯುತ್ತಿದ್ದೆವು. ಆಗ ಮಧ್ಯಾಹ್ನದ ಆಟೋದವನು ಕಣ್ಣಿಗೆ ಬಿದ್ದು ಕೇಳಿದ: “ರಾತ್ರಿ ಆಟ ಇದೆ, ಹೋಗ್ತ್ರಾ?”

ಕ್ಯಾಮೆರಾ ನೆಟ್ಟಗೆ ಕೂತ. “ಎಂಥ ಆಟ? ಇಸ್ಪೀಟಾ?”

“ಅಲ್ರಾ, ಆಟ! ಮೇಳದ್ದು. ಹರಕೆ ಆಟ, ಟಿಕೆಟ್ ಇಲ್ಲ. ಕಾಲಮಿತಿನೂ ಅಲ್ಲ, ಬೆಳಗಿನತನಕ.”

ಟಿಕೆಟ್ ಇಲ್ಲ ಅನ್ನುವ ಮಾತಿಗೆ ಖಜಾಂಚಿ ಚಪ್ಪಲಿ ಹುಡುಕತೊಡಗಿದ.

ಗದ್ದೆಯ ನಡುವೆ ರಂಗಸ್ಥಳ, ಟ್ಯೂಬ್‌ಲೈಟು, ಕೊಯ್ದ ಕೂಳೆಯ ಮೇಲೆ ಹಾಸಿದ ಚಾಪೆ. ಹಿಂದೆ ಚಾ, ಶೇಂಗಾ, ಮಿರ್ಚಿ ಭಜಿಯ ಅಂಗಡಿ. ರಾವಣ ಎಸೆದ ತುಣುಕೊಂದು ಬಿದ್ದ ಅದೇ ಗುಣವಂತೆಯಲ್ಲೇ 1934ರಲ್ಲಿ ಕೆರೆಮನೆ ಯಕ್ಷಗಾನ ಮೇಳ ಹುಟ್ಟಿದ್ದು. ಈ ಸೀಮೆಯವರಿಗೆ ಆಟ ಅಂದರೆ ಬೇರೆ ಅರ್ಥ ಯಾಕೆ ಇರಬೇಕು ಹೇಳಿ. ಭಾಗವತರು ಏರುಸ್ವರಕ್ಕೆ ಹೋದರು, ಚಂಡೆ ಎದೆಗೇ ಬಿತ್ತು. ಜೆಂಬೆ ಹುಡುಗರ ನೆನಪಾಗಿ ನಗು ಬಂತು. ಹನ್ನೆರಡಕ್ಕೆ ಖಜಾಂಚಿ ಉರುಳಿದ, ಒಂದಕ್ಕೆ ಕ್ಯಾಮೆರಾ. ಮಧ್ಯಾಹ್ನವೆಲ್ಲ ಮಲಗಿದ್ದ ಬಿಪಿ ಮಾತ್ರ ಗೂಬೆಯಂತೆ ಕೂತಿದ್ದ. ನಡುವೆ ಎದ್ದು ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ವೇಷಕ್ಕೆ ಬಣ್ಣ ಹಚ್ಚುವ ಚೌಕಿಯ ಹತ್ತಿರ ನಿಂತಿದ್ದಾನೆ. ಒಳಗೆ ದುರ್ಯೋಧನ, ನಮಗಿಂತ ಹತ್ತು ವರ್ಷ ಹಿರಿಯರಿರಬೇಕು, ಕಿರೀಟ ಪಕ್ಕಕ್ಕಿಟ್ಟು, ಮೀಸೆಯ ಬಣ್ಣ ಕೆಡದಂತೆ ತುಟಿ ಮುಂದೆ ಚಾಚಿ ಕಾಗದದ ಲೋಟದಲ್ಲಿ ನೀರು ಹೀರಿ ಮಾತ್ರೆ ನುಂಗುತ್ತಿದ್ದಾರೆ.

“ನಂದೇ ಮಾತ್ರೆ ಕಣೋ!” ಅಂದ ಬಿಪಿ, ದೇವರನ್ನು ಕಂಡವನ ದನಿಯಲ್ಲಿ. “ಅದೇ ಐದು ಎಂಜಿ!”

ನಾಲ್ಕು ಗಂಟೆಗೆ ಗದಾಯುದ್ಧ. ಕೊಳದಲ್ಲಿ ಅಡಗಿ ಕೂತ ದುರ್ಯೋಧನನನ್ನು ಭೀಮ ದಡದಿಂದ ಕೆಣಕುತ್ತಿದ್ದಾಗ ನಾನು ಕ್ಯಾಮೆರಾನನ್ನು ತಿವಿದು ಎಬ್ಬಿಸಿದೆ, “ನಿನ್ನ ಕತೆ ನಡೀತಿದೆ ನೋಡು.” ಆಮೇಲೆ ಆ ಐದು ಎಂಜಿಯ ದುರ್ಯೋಧನ ಎದ್ದು ಬಂದರು ನೋಡಿ! ಮಂಡಿಯ ಮೇಲೆ ಸುತ್ತಿದರು, ಸುತ್ತುತ್ತಲೇ ಇದ್ದರು. ಬಿಪಿ ಚಾಪೆಯ ಮೇಲೆ ಎದ್ದುನಿಂತು ಎಣಿಸುತ್ತಿದ್ದ. ತೊಡೆ ಮುರಿದಾಗ “ಮೋಸ! ಸೊಂಟದ ಕೆಳಗೆ ಹೊಡೆದ!” ಅಂತ ಕೂಗಿಕೊಂಡ. ಪಕ್ಕದ ಅಜ್ಜ ಸಮಾಧಾನ ಹೇಳಿದರು, “ಪ್ರತಿ ಸಲವೂ ಹಾಂಗೇ ಮಾಡ್ತ ಅಂವ.”

ಬೆಳಗ್ಗೆ ಆರೂವರೆಗೆ ಕುಡ್ಲೆಗೆ ಬಂದಿಳಿದಾಗ ನಾಲ್ವರ ಕಣ್ಣೂ ಕೆಂಪು, ಅಂಗಿಯ ತುಂಬ ಹುಲ್ಲಿನ ಕಡ್ಡಿ, ಬಿಪಿಯ ದನಿ ಬಿದ್ದುಹೋಗಿತ್ತು. ಕೀಲಿಯ ಹುಡುಗ ಅಂಗಳ ಗುಡಿಸುವುದನ್ನು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದ. ಪಕ್ಕದ ರೂಮಿನ ಬ್ರೋಗಳು ಹತ್ತೂವರೆಗೇ ಮಲಗಿದ್ದರಂತೆ.

“ಇಡೀ ರಾತ್ರಿ ಪಾರ್ಟಿನಾ, ಸರ್?”

ನಿನ್ನೆಯ ಅಂಕಲ್ ಇವತ್ತು ಸರ್ ಆಗಿದ್ದ. ಖಜಾಂಚಿ ಸೊಂಟದ ಚೀಲ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ: “ಹೂಂ. ಕೊನೆಗೆ ಜಗಳ ಆಯ್ತು. ಒಬ್ಬನ ತೊಡೆ ಮುರೀತು.”