ಅಪ್‌ಡೌನ್

ನಮ್ಮ ಕಡೆ ವರ ನೋಡಲು ಬಂದವರು ಮೊದಲು ಸಂಬಳ ಕೇಳುವುದಿಲ್ಲ. 'ಹುಡುಗ ಗುಲ್ಬರ್ಗಾದಾಗ ಮನಿ ಮಾಡ್ಯಾನೋ, ಅಪ್‌ಡೌನ್ ಮಾಡ್ತಾನೋ?' ಎಂದು ಕೇಳುತ್ತಾರೆ. 2014ರ ನವೆಂಬರ್ 1ರಂದೇ ಗುಲ್ಬರ್ಗಾ ಕಲಬುರಗಿಯಾಗಿದೆ. ಆದರೆ ಬಸ್ಸಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವ ಕಂಡಕ್ಟರನಿಗೆ ಆ ಆದೇಶ ಇನ್ನೂ ತಲುಪಿದಂತಿಲ್ಲ.

ನಾನು ಅಪ್‌ಡೌನ್ ಪಂಗಡದವನು. ಮನೆ ಕಮಲಾಪುರದಲ್ಲಿ, ಕಚೇರಿ ಕಲಬುರಗಿಯಲ್ಲಿ, ನಡುವೆ ಹುಮನಾಬಾದ್ ರಸ್ತೆಯ ಸುಮಾರು 38 ಕಿಲೋಮೀಟರ್. ಇದರಲ್ಲಿ ಹೋಗುವುದು ಅಪ್ಪೋ ಬರುವುದು ಅಪ್ಪೋ ಎಂಬುದು ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ. ನನ್ನ ಹೆಂಡತಿಗೆ ಮಾತ್ರ ಸಂಶಯವಿಲ್ಲ. ಬೆಳಿಗ್ಗೆ ನಾನು ಹೊರಟಾಗ ಅವಳ ಬಿಪಿ ಡೌನ್, ಸಂಜೆ ಬಂದಾಗ ಅಪ್.

ಈ ಲೆಕ್ಕ ತಪ್ಪಿದ್ದು 2020ರ ಮಾರ್ಚಿನಲ್ಲಿ. ಆ ತಿಂಗಳ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದೇ ಎಂದು ಎರಡು ದಿನದ ಮೇಲೆ ಗೊತ್ತಾಯಿತು. ಅಲ್ಲಿಯ ತನಕ ತೊಗರಿಗೆ, ಬಿಸಿಲಿಗೆ ಹೆಸರಾಗಿದ್ದ ಊರು ಒಂದೇ ರಾತ್ರಿಯಲ್ಲಿ ಎಲ್ಲ ಟಿವಿಗಳಲ್ಲೂ ಬಂತು. ನಗೆಬರಹದಲ್ಲಿ ಬರಬಾರದ ಮಾತು ಇದು. ಆದರೆ ನಮ್ಮ ಕತೆ ಶುರುವಾಗುವುದೇ ಅಲ್ಲಿಂದ. ಬೇರೆ ಊರಿನವರು ಚಪ್ಪಾಳೆ ತಟ್ಟಲು ತಯಾರಾಗುತ್ತಿದ್ದಾಗ ನಮ್ಮವರು ಆಗಲೇ ಬಾಗಿಲು ಹಾಕಿಕೊಂಡಿದ್ದರು.

ಕಚೇರಿಯವರು ಒಂದು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದರು. ಕಮಲಾಪುರದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಎರಡೇ ಕಡೆ: ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ, ಕೆಳಗೆ ಅಡುಗೆಮನೆಯ ಕಿಟಕಿಯ ಹತ್ತಿರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ವಾಡಿಕೆ. ಇಲ್ಲಿಯ ಬಿಸಿಲಿಗೆ ಸರ್ಕಾರವೂ ಹೆದರುತ್ತದೆ. ಖಾಸಗಿ ನೌಕರ ಹೆದರುವ ಹಾಗಿಲ್ಲ. ಬೆಳಿಗ್ಗೆ ಛತ್ರಿ ಹಿಡಿದು ಟ್ಯಾಂಕಿನ ನೆರಳಿನಲ್ಲಿ ಕೂಡುತ್ತಿದ್ದೆ. ನೆರಳು ಸರಿದಂತೆ ನಾನೂ ಸರಿಯುತ್ತಿದ್ದೆ. ಹನ್ನೊಂದಕ್ಕೆ ನೆರಳು ಟ್ಯಾಂಕಿನ ಅಡಿಗೇ ಹೋಗಿಬಿಡುತ್ತಿತ್ತು, ನಾನು ಅಡುಗೆಮನೆಗೆ ಇಳಿಯುತ್ತಿದ್ದೆ.

ಅದು ಅವ್ವ ರೊಟ್ಟಿ ಬಡಿಯುವ ಹೊತ್ತು. ಒಂದು ದಿನ ಮೀಟಿಂಗ್ ನಡೆದಾಗ ಬೆಂಗಳೂರಿನ ಸಾಹೇಬರು ತಟ್ಟನೆ ಮಾತು ನಿಲ್ಲಿಸಿದರು. ಈಚೆಯಿಂದ ಪಟಪಟ ಸದ್ದು ಎಡೆಬಿಡದೆ ಹೋಗುತ್ತಿತ್ತು.

"ಯಾರದು ಇಷ್ಟು ಫಾಸ್ಟಾಗಿ ಟೈಪ್ ಮಾಡ್ತಿರೋದು?"

"ನಾನೇ ಸರ್," ಎಂದೆ.

ಆ ವರ್ಷ ನನ್ನ ಕೆಲಸಕ್ಕೆ ಒಳ್ಳೆಯ ಅಂಕ ಬಿತ್ತು. ಅದರಲ್ಲಿ ಅರ್ಧ ಜ್ವಾಳಕ್ಕೆ ಸೇರಬೇಕು.

ಅಂಕ ಕೊಡದವಳು ಅವ್ವ ಒಬ್ಬಳೇ. ಮಗ ಮುಂಜಾನೆಯಿಂದ ಕುಂತಲ್ಲೇ ಕುಂತಿದ್ದಾನೆ, ನಡುನಡುವೆ ಒಬ್ಬನೇ ಮಾತಾಡುತ್ತಾನೆ, ಮೇಲೆ ಅಂಗಿ, ಕೆಳಗೆ ಲುಂಗಿ. ವಾರ ತಡೆದು ಕೇಳಿದಳು:

"ಯಪ್ಪಾ, ಖರೇ ಹೇಳು. ನೌಕರಿ ಹೋಗ್ಯಾದೇನು?"

"ಇಲ್ಲವ್ವಾ. ಈಗ ಕೆಲಸಾನೇ ಮಾಡ್ಲಾಕತ್ತೀನಿ."

"ಕುಂತಕೊಂಡು ಮಾಡಾದು ಎಂಥಾ ಕೆಲಸ? ಹೆಂಗೂ ಖಾಲಿ ಇದ್ದಿ, ಗಿರಣಿಗೆ ಹೋಗಿ ಜ್ವಾಳ ಬೀಸಿಸಿಕೊಂಡು ಬಾ."

ಹೆಂಡತಿ ಅಷ್ಟು ಕಟುವಾಗಿ ಮಾತಾಡಲಿಲ್ಲ. 'ರೀ, ನಿಮ್ಮ ಮೀಟಿಂಗಿನಾಗ ಕೈ ಖಾಲಿ ಇರ್ತಾವಲ್ಲ?' ಎಂದು ಮೆಲ್ಲಗೆ ಕೇಳಿ, ಮುಸುರೆ ಪಾತ್ರೆಗಳ ಬುಟ್ಟಿ ಮುಂದಿಟ್ಟಳು. ಕಿವಿಗೆ ಸಾಹೇಬರು, ಕೈಗೆ ಸಬೀನಾ ಪುಡಿ. ಇದೇ ನನ್ನ ವರ್ಕ್ ಫ್ರಮ್ ಹೋಮ್.

ನಮ್ಮೂರಿನ ಕೆಂಪು ಬಾಳೆ ನಿಧಾನದ ಬೆಳೆ. ಬೇರೆ ಬಾಳೆ ವರ್ಷದಲ್ಲಿ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ನಾನು ಮನೆಯಲ್ಲಿ ಕೂತದ್ದೂ ಅಷ್ಟೇ ಕಾಲ. ನಡುವೆ ಎರಡು ಸಲ 'ಬನ್ನಿ' ಎಂದರು, ಎರಡು ಸಲ 'ಬೇಡ' ಎಂದರು. 2021ರ ಮಳೆಗಾಲ ಮುಗಿಯುವ ಹೊತ್ತಿಗೆ ಖಾಯಂ ಬರಲು ಹೇಳಿದರು. ಒಂದು ಬೆಳೆ ತೆಗೆದ ಹಾಗಾಯಿತು.

ಮೊದಲ ದಿನ ಬಸ್ ಸ್ಟ್ಯಾಂಡಿಗೆ ಹೋದರೆ ಬಸ್ಸಿನ ಹೆಸರೇ ಬೇರೆ. ನಾವು ಬಿಟ್ಟುಹೋದದ್ದು ಈಶಾನ್ಯ ಕರ್ನಾಟಕ ಸಾರಿಗೆ. ಬಂದು ನಿಂತದ್ದು ಕಲ್ಯಾಣ ಕರ್ನಾಟಕ ಸಾರಿಗೆ. ಒಳಗೆ ಹತ್ತಿ ನೋಡಿದೆ. ಅದೇ ಹರಿದ ರೆಕ್ಸಿನ್, ಅದೇ ಏರದ ಕಿಟಕಿ ಗಾಜು. ಕಲ್ಯಾಣ ಹೊರಗಿನ ಬಣ್ಣದ ತನಕ ಮಾತ್ರ ಬಂದಿತ್ತು. ನನಗೆ ಯಾಕೋ ಸಮಾಧಾನವಾಯಿತು. ಎಲ್ಲವೂ ಹೊಸದಾಗಿದ್ದರೆ ನಾನೇ ತಪ್ಪು ಬಸ್ ಹತ್ತಿದ್ದೇನೆಂದು ಇಳಿದುಬಿಡುತ್ತಿದ್ದೆ.

ಮಾಸ್ಕ್ ಹಾಕಿದ ಮಂದಿಯಲ್ಲಿ ನಮ್ಮವರನ್ನು ಹಣೆ ನೋಡಿ ಗುರುತಿಸಿದೆವು. ವಿಭೂತಿ ಇದ್ದವರು ಬೇಗ ಸಿಕ್ಕರು. ಒಬ್ಬರು ಮಾತ್ರ ಸಿಗಲಿಲ್ಲ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಮಹಾಗಾಂವ ಕ್ರಾಸ್ ಬಂದ ಕೂಡಲೇ ಗಡಿಯಾರ ನೋಡಿ 'ಇವತ್ತೂ ಲೇಟ್' ಎಂದು ಗಟ್ಟಿಯಾಗಿ ಹೇಳುತ್ತಿದ್ದ ಮಾಸ್ತರರು. ಎರಡನೆಯ ಅಲೆಯಲ್ಲಿ ಹೋದರಂತೆ. ಬಸ್ಸು ಈಗಲೂ ಲೇಟಾಗುತ್ತದೆ. ಹೇಳುವವರಿಲ್ಲ.

ಕಚೇರಿಯ ಬಾಗಿಲಲ್ಲಿ ಹಾಜರಿಯ ಯಂತ್ರ ಕಾಯುತ್ತಿತ್ತು. ಓದಿದವರನ್ನೆಲ್ಲ ಮತ್ತೆ ಹೆಬ್ಬೆಟ್ಟಿನವರನ್ನಾಗಿ ಮಾಡಿದ ಯಂತ್ರವದು. ಬೆರಳಿಟ್ಟೆ. ಕೆಂಪು ದೀಪ. ಒರೆಸಿ ಇಟ್ಟೆ. ಕೆಂಪು ದೀಪ. ಒಂದೂವರೆ ವರ್ಷದ ಸಬೀನಾ, ಅದರ ಮೇಲೆ ಸ್ಯಾನಿಟೈಸರ್, ಎರಡೂ ಸೇರಿ ನನ್ನ ಹೆಬ್ಬೆರಳಿನ ಗೆರೆಗಳನ್ನು ಸವೆಸಿದ್ದವು. ನಮ್ಮೂರಿನ ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದೇ ಊರಿನ ಮನುಷ್ಯನಿಗೆ ಕಚೇರಿಯ ಬಾಗಿಲಲ್ಲಿ ಗುರುತು ಸಿಗಲಿಲ್ಲ. ಕೊನೆಗೆ ಜವಾನ ನನ್ನ ಮಾಸ್ಕ್ ಇಳಿಸಿ ನೋಡಿ, 'ಇವರು ನಮ್ಮವರೇ ಬಿಡ್ರೀ, ಬಾಳೆಹಣ್ಣಿನವರು' ಎಂದ. ಕಮಲಾಪುರದವನು ಕೈಬೀಸಿಕೊಂಡು ಬರಬಾರದೆಂಬುದು ನಮ್ಮ ಕಚೇರಿಯ ಬರೆಯದ ಕಾನೂನು. ಕೈಯಲ್ಲಿದ್ದ ಚಿಪ್ಪು ನೋಡಿ ಒಳಗೆ ಬಿಟ್ಟರು.

ಮಧ್ಯಾಹ್ನ ಊಟಕ್ಕೆ ಆರಡಿ ಅಂತರ. ಶಿಕ್ಷೆಯಾದ ಹುಡುಗರ ಹಾಗೆ ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖಮಾಡಿ ಡಬ್ಬಿ ಬಿಚ್ಚಿದೆವು. ಮೂರು ದಿನ ಶಿಸ್ತು ನಡೆಯಿತು. ನಾಲ್ಕನೆಯ ದಿನ ಯಾರೋ ಪುಂಡಿಪಲ್ಯದ ಡಬ್ಬಿ ತೆರೆದರು, ಇನ್ಯಾರೋ ಶೇಂಗಾ ಹಿಂಡಿ ತಂದಿದ್ದರು. ಕುರ್ಚಿಗಳನ್ನು ಯಾರೂ ಎಳೆದದ್ದು ನೆನಪಿಲ್ಲ. ಊಟ ಮುಗಿದಾಗ ಮಾತ್ರ ಎಲ್ಲವೂ ಒಂದೇ ಮೇಜಿನ ಸುತ್ತ ಇದ್ದವು.

ಮನೆಯಿಂದಲೇ ಕೆಲಸವಾಗುವಾಗ ಕಚೇರಿ ಯಾಕೆ ಎಂದು ತಿಳಿದವರು ಕೇಳುತ್ತಾರೆ. ಕಚೇರಿಯ ವಿಷಯ ನನಗೆ ಗೊತ್ತಿಲ್ಲ, ದಾರಿ ಮಾತ್ರ ಬೇಕು. ಸಂಜೆ ಹುಮನಾಬಾದ್ ರಿಂಗ್ ರೋಡ್ ದಾಟುವ ತನಕ ಸಾಹೇಬರನ್ನು ಮನಸ್ಸಿನಲ್ಲಿ ಬೈಯುತ್ತಿರುತ್ತೇನೆ. ಮಹಾಗಾಂವ ಕ್ರಾಸಿನಲ್ಲಿ ಮಿರ್ಚಿಭಜಿಯ ವಾಸನೆ ಬಂದಾಗ ಅವರೂ ಪಾಪ, ಮಕ್ಕಳೊಂದಿಗ ಅನಿಸುತ್ತದೆ. ಕಮಲಾಪುರದಲ್ಲಿ ಇಳಿಯುವಾಗ ಅವರ ಮುಖವೂ ನೆನಪಿರುವುದಿಲ್ಲ. ಲಾಕ್‌ಡೌನಿನಲ್ಲಿ ಈ 38 ಕಿಲೋಮೀಟರ್ ನಾಲ್ಕು ಹೆಜ್ಜೆಯಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ ಎದ್ದರೆ ಸಾಹೇಬರ ಮೇಲಿನ ಸಿಟ್ಟು ನೇರ ಸಾರಿನ ಮೇಲೆ ಬೀಳುತ್ತಿತ್ತು. ಉಪ್ಪು ಸರಿಯಾಗಿಯೇ ಇರುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಈಗ ಸೋಮವಾರಕ್ಕೊಮ್ಮೆ ಅವ್ವನೂ ಅಪ್‌ಡೌನ್ ಮಾಡುತ್ತಾಳೆ, ಶರಣಬಸಪ್ಪನ ಗುಡಿಗೆ, ನನ್ನ ಬಸ್ಸಿನಲ್ಲೇ. ಕಳೆದ ಸೋಮವಾರ ಕಿಟಕಿ ಪಕ್ಕ ಕೂತು, ಬಸ್ಸಿನವರಿಗೆಲ್ಲ ಕೇಳುವ ಹಾಗೆ ಅಂದಳು:

"ಯಪ್ಪಾ, ಆಗ ಮನ್ಯಾಗೇ ಕುಂತು ಎಷ್ಟು ಛಂದ ಕೆಲಸ ಮಾಡ್ತಿದ್ದಿ! ದಿನಾ ಯಾಕ ಸುಮ್ಮ ರೊಕ್ಕ ಹಾಳು ಮಾಡ್ತಿ?"

ಕಂಡಕ್ಟರ್ ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ನಾನು ಕಂಬ ಹಿಡಿದು ನಿಂತಲ್ಲಿಂದಲೇ ದುಡ್ಡು ಕೊಟ್ಟು ಮಾಡಿಸಿದ ಪಾಸು ತೋರಿಸಿದೆ.