ಅಲ್ಲಾಡುವವರಿಗೆ ಮಾತ್ರ

ರೆಸಾರ್ಟಿನ ಕೋಣೆಗೆ ಕಾಲಿಟ್ಟ ತಕ್ಷಣ ಯಾರು ಏನು ಮಾಡುತ್ತಾರೆ ಎನ್ನುವುದರ ಮೇಲೆ ಮನುಷ್ಯರನ್ನು ವಿಂಗಡಿಸಿಬಿಡಬಹುದು. ಮಕ್ಕಳು ಹಾಸಿಗೆಯ ಮೇಲೆ ಕುಣಿಯುತ್ತಾರೆ. ಹೆಂಗಸರು ಬಾತ್‌ರೂಮ್ ನೋಡಿ ಬಂದು ‘ಪರವಾಗಿಲ್ಲ’ ಅನ್ನುತ್ತಾರೆ. ನನ್ನಂಥವರು, ಮೇಜಿನ ಮೇಲೆ ಪುಕ್ಕಟೆ ಎಂಬಂತೆ ಇಟ್ಟಿರುವ ಬಿಸ್ಕತ್ತು ನಿಜಕ್ಕೂ ಪುಕ್ಕಟೆಯೇ ಎಂದು ವಿಚಾರಿಸಿಕೊಂಡು ಬರುತ್ತೇವೆ. ಇವರೆಲ್ಲ ನಿರಪಾಯಕಾರಿಗಳು. ಇನ್ನೊಂದು ಬಗೆಯವರಿದ್ದಾರೆ. ಅವರು ಹೆಗಲ ಬ್ಯಾಗನ್ನೂ ಇಳಿಸದೆ ಗೋಡೆ, ಸೂರು, ಬಾಗಿಲ ಚೌಕಟ್ಟುಗಳನ್ನು ಕಣ್ಣಲ್ಲೇ ಜಾಲಾಡಿ, ಎಸಿಯ ಗುಂಡಿಗಳ ಪಕ್ಕದಲ್ಲಿ ಉಬ್ಬಿಕೊಂಡಿರುವ ಹಾಲುಬಿಳುಪಿನ ಪ್ಲಾಸ್ಟಿಕ್ ಚೂರೊಂದನ್ನು ಪತ್ತೆಹಚ್ಚಿ, “ಇಟ್ಟಿದಾನೆ ನೋಡು, ಕಣ್ಣು” ಎನ್ನುತ್ತಾರೆ. ರಜೆ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಯುದ್ಧ.

ಈ ಬಗೆಯವರ ಧರ್ಮಶಾಸ್ತ್ರ ಎರಡೇ ಶಬ್ದದ್ದು: ದುಡ್ಡು ಕೊಟ್ಟಿದೀವಿ. ಕೋಣೆಯಲ್ಲಿಟ್ಟ ಕಾಫಿಪುಡಿಯ ಪೊಟ್ಟಣ ಒಡೆಯದೆ ಬಿದ್ದಿದ್ದರೂ ಫೋನು ಮಾಡಿ ಇನ್ನೆರಡು ತರಿಸುತ್ತಾರೆ. ಬೆಳಗಿನ ಬಫೆಯಲ್ಲಿ ಇಡ್ಲಿ, ಪೂರಿ ಎರಡನ್ನೂ ಮುಗಿಸಿದವರು ದೋಸೆ ಕೌಂಟರಿನ ಮುಂದೆ ಹೋಗಿ ನಿಲ್ಲುವುದು ಹಸಿವಿಗಲ್ಲ, ನ್ಯಾಯಕ್ಕೆ. ಈಜು ಬಾರದಿದ್ದರೂ ಕೊಳದಲ್ಲಿ ಸೊಂಟದವರೆಗೆ ನಿಂತು ಎದ್ದು ಬರುತ್ತಾರೆ. ಇಷ್ಟನ್ನು ಯಾರು ಬೇಕಾದರೂ ಸಹಿಸಿಕೊಳ್ಳಬಹುದು. ಆದರೆ ಎಸಿ ತಾನಾಗಿ ಆರಿಹೋಗುವುದನ್ನು ಅವರು ಸಹಿಸರು. ತಾವು ದುಡ್ಡು ಕೊಟ್ಟ ಕೋಣೆ ತಾವಿಲ್ಲದಾಗಲೂ ತಣ್ಣಗಿರಬೇಕು. ಬೀಚಿನಿಂದ ಬಂದು, ಮರಳು ಕೊಡವಿಕೊಂಡು ಬಾಗಿಲು ತೆಗೆದರೆ ಮುಖಕ್ಕೆ ತಂಪು ಬಡಿಯಬೇಕು. ಬಡಿಯದಿದ್ದರೆ ಮೋಸ.

ನನ್ನ ಪಾಲಿಗೆ ಬಂದಿರುವವರು ಅಕ್ಕನ ಗಂಡ.

ಭಾವ ಕೆಇಬಿಯಲ್ಲಿ ಎಂಜಿನಿಯರಾಗಿದ್ದವರು. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾದವು. ಭಾವ ಮಾತ್ರ ನಿವೃತ್ತಿಯವರೆಗೂ ಆಮೇಲೂ ಕೆಇಬಿಯವರೇ. ಮೈಸೂರಿನ ಅವರ ಮನೆಯಲ್ಲಿ ಕರೆಂಟು ಎಂದರೆ ಚಾರಿತ್ರ್ಯದ ಪ್ರಶ್ನೆ. ಹಾಲಿನಲ್ಲಿ ಕೂತವರು ನೀರು ಕುಡಿಯಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತದೆ. ಎದ್ದು ಹೋಗದೆ ಸುಮ್ಮನೆ ಪೇಪರ್ ಓದುತ್ತ ಕೂತರೂ ಅಪಾಯವೇ, “ಓ, ಇಲ್ಲೇ ಇದೀಯೇನಯ್ಯಾ?” ಎಂದು ಅವರು ಕೇಳುವ ಹೊತ್ತಿಗೆ ದೀಪ ಆರಿರುತ್ತದೆ. ಮಗ ಹಟಮಾಡಿ ಹಾಕಿಸಿಕೊಟ್ಟ ಎಸಿಯೊಂದಿದೆ. ಸ್ಟಾರ್ ಲೇಬಲ್ಲಿನ ಎಸಿಗಳು 2020ರ ಜನವರಿಯಿಂದ 24 ಡಿಗ್ರಿಯಲ್ಲೇ ಶುರುವಾಗುವಂತೆ ಕಾರ್ಖಾನೆಯಿಂದ ಹೊರಬರಬೇಕು ಎಂದು ಸರ್ಕಾರ ನಿಯಮ ಮಾಡಿದಾಗ ಭಾವ ತಲೆದೂಗಿದ್ದರು. ಒಂದೇ ತಕರಾರು, 24 ತೀರಾ ಧಾರಾಳವಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂಬ, ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಲೆಕ್ಕವನ್ನು ನಮಗೆಲ್ಲ ಒಪ್ಪಿಸಿ, ತಮ್ಮದನ್ನು 27ಕ್ಕೆ ಇಟ್ಟು, ರಿಮೋಟನ್ನು ಬೀರುವಿನಲ್ಲಿ ಅಕ್ಕನ ಒಡವೆಗಳ ಪಕ್ಕಕ್ಕೆ ಸೇರಿಸಿ ಬೀಗ ಹಾಕಿದ್ದಾರೆ.

ಇದೇ ಮನುಷ್ಯ ರೆಸಾರ್ಟಿಗೆ ಹೋದರೆ ಕೇಳುವುದು 18. ಹೊದಿಕೆ ಕತ್ತಿನವರೆಗೆ ಎಳೆದುಕೊಂಡು, ಮಫ್ಲರ್ ಸುತ್ತಿಕೊಂಡು, 18. ಜೀವಮಾನವಿಡೀ ಮನೆಮಂದಿಗೆಲ್ಲ ತಾವೇ ಸೆನ್ಸರ್ ಆಗಿದ್ದವರಿಗೆ, ತಮ್ಮದೇ ತದ್ರೂಪವೊಂದು ಗೋಡೆಯ ಮೇಲೆ ಕೂತು ತಮ್ಮನ್ನು ಕಾಯುತ್ತಿರುವುದು ಕಂಡರೆ ಮೈ ಉರಿಯುತ್ತದೆ. ಇದನ್ನು ಎದುರಿಗೇ ಹೇಳುವ ಧೈರ್ಯ ಇರುವುದು ಅಕ್ಕನಿಗೊಬ್ಬಳಿಗೆ. ಹೇಳಿದ್ದಾಳೆ ಕೂಡ. “ಮನೇಲಿ ಬಿಲ್ಲು ಬರೋದು ನನ್ನ ಹೆಸರಿಗೆ ಕಣೇ” ಅಂದರು ಭಾವ. ಈ ಮಾತಿಗೆ ಉತ್ತರ ಯಾವ ಶಾಸ್ತ್ರದಲ್ಲೂ ಇಲ್ಲ.

ಪ್ರವಾಸಕ್ಕೆ ಹೊರಟಾಗ ಅಕ್ಕ ಔಷಧಿಯ ಡಬ್ಬಿ ಕಟ್ಟಿಕೊಂಡರೆ ಭಾವ ತಮ್ಮದೊಂದು ಡಬ್ಬಿ ಕಟ್ಟಿಕೊಳ್ಳುತ್ತಾರೆ. ಟೆಸ್ಟರು, ಇನ್ಸುಲೇಷನ್ ಟೇಪು, ದಾರದುಂಡೆ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಬಾಗಿಲ ಪಕ್ಕದಲ್ಲಿ ಕೋಣೆಯ ಕಾರ್ಡು ತೂರಿಸಿದರೇ ಕರೆಂಟು ಬರುವ ಏರ್ಪಾಡಿದೆಯಲ್ಲ, ಎಷ್ಟೋ ಕಡೆ ಅದರೊಳಗಿರುವುದು ಬರೀ ಒಂದು ಸ್ವಿಚ್ಚು, ಯಾರ ಕಾರ್ಡಾದರೇನು? ಭಾವ ಮೊಮ್ಮಗನ ಸ್ಕೂಲ್ ಐಡಿ ತೂರಿಸುತ್ತಾರೆ. ಎರಡನೇ ತರಗತಿ ‘ಬಿ’ ಸೆಕ್ಷನ್ನಿನ ಹುಡುಗ ಹಲ್ಲುಬಿಟ್ಟುಕೊಂಡು ಖಾಲಿ ಕೋಣೆಗೆ ಕಾವಲಿರುತ್ತಾನೆ. ಬಾಲ್ಕನಿಯ ಗಾಜಿನ ಬಾಗಿಲಲ್ಲಿ ಇನ್ನೊಂದು ತಂತ್ರ. ಬಾಗಿಲಿಗೆ ಪುಟ್ಟ ಅಯಸ್ಕಾಂತ, ಚೌಕಟ್ಟಿಗೆ ರೀಡ್ ಸ್ವಿಚ್. ಬಾಗಿಲು ಸರಿದು ಅವೆರಡೂ ದೂರವಾದರೆ ಎಸಿ ಬಂದ್. ಭಾವ ತಮ್ಮ ಸ್ಪೀಕರಿನ ಅಯಸ್ಕಾಂತವನ್ನು ಚೌಕಟ್ಟಿಗೆ ಟೇಪು ಹಚ್ಚಿ ಕೂರಿಸಿದರೆಂದರೆ ಬಾಗಿಲು ಹಾರುಹೊಡೆದಿದ್ದರೂ ಎಸಿಯ ಲೆಕ್ಕದಲ್ಲಿ ಮುಚ್ಚಿಯೇ ಇರುತ್ತದೆ. ಅದು ಪಾಪ ಅರಬ್ಬೀ ಸಮುದ್ರಕ್ಕೆ ತಂಪು ಊದುತ್ತಿರುತ್ತದೆ.

ಕಣ್ಣಿನದು ಮಾತ್ರ ಇಷ್ಟು ಸುಲಭವಲ್ಲ. ಅದರ ಬಗ್ಗೆ ಭಾವನ ಉಪನ್ಯಾಸ ಕೇಳಿದ್ದು ಕಾಪು ದೀಪಸ್ತಂಭದ ಮೆಟ್ಟಿಲ ಮೇಲೆ, ಹಿಂದಿನಿಂದ ಹತ್ತುವವರು ‘ಸ್ವಲ್ಪ ಜಾಗ’ ಎನ್ನುತ್ತಿದ್ದಾಗ. “ಅದು ಕ್ಯಾಮೆರಾ ಅಲ್ಲ ಕಣಯ್ಯಾ. ನಿನ್ನ ಮುಖ ಕಟ್ಕೊಂಡು ಅದಕ್ಕೇನಾಗಬೇಕು? ಅದು ನೋಡೋದು ಶಾಖ.” ಜೀವ ಇರುವ ಮೈಯಿಂದ ಹೊರಡುವ ಅವಗೆಂಪು ಕಿರಣ, ಸುಮಾರು ಹತ್ತು ಮೈಕ್ರಾನಿನದು, ಒಳಗಿನ ಒಂದು ಹರಳಿನ ಮೇಲೆ ಬೀಳುತ್ತದೆ. ಸುಮ್ಮನೆ ಬಿದ್ದರೆ ಆ ಹರಳು ಕ್ಯಾರೇ ಅನ್ನುವುದಿಲ್ಲ, ಹೆಚ್ಚುಕಡಿಮೆಯಾಗಬೇಕು. ಅದಕ್ಕೇ ಮುಂದುಗಡೆಯ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡಿರುತ್ತದೆ. ಬಿಸಿಯ ಮೈಯೊಂದು ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟಿದಾಗ ಹರಳಿಗೆ ‘ಯಾರೋ ಇದ್ದಾರೆ’ ಎಂದು ಗೊತ್ತಾಗುತ್ತದೆ. ಅಂಥ ತೆಳು ಮಸೂರದ ಉಪಾಯ ಕಂಡುಕೊಟ್ಟವನು ಫ್ರಾನ್ಸಿನ ಫ್ರೆನೆಲ್. ಅದು ಮೊದಲು ಬೆಳಗಿದ್ದು 1823ರಲ್ಲಿ, ಅಲ್ಲಿಯ ಕಾರ್ಡುವಾನ್ ದೀಪಸ್ತಂಭದಲ್ಲಿ. “ಹಡಗಿನೋರು ದಾರಿ ತಪ್ಪಬಾರದು ಅಂತ ಆ ಪುಣ್ಯಾತ್ಮ ಮಾಡಿದ್ದು. ಇವರು ಅದನ್ನ ನಮ್ಮ ಎಸಿ ಆರಿಸೋಕೆ ಇಟ್ಕೊಂಡಿದಾರೆ!” ಭಾವನ ದನಿ ಎಷ್ಟು ನೊಂದಿತ್ತೆಂದರೆ ಹಿಂದಿದ್ದವರು ತಳ್ಳುವುದನ್ನು ನಿಲ್ಲಿಸಿದರು.

ರೆಸಾರ್ಟಿನವರ ಕಷ್ಟ ನನಗೆ ಗೊತ್ತು. ಬಾಲ್ಕನಿ ತೆರೆದಿಟ್ಟು, ಎಸಿ ಹಾಕಿಟ್ಟು, ಇಡೀ ದಿನ ಬೀಚಿನಲ್ಲಿ ಬಿದ್ದುಕೊಳ್ಳುವ ಗಿರಾಕಿಗಳು ಒಬ್ಬಿಬ್ಬರಲ್ಲ. ಕಡಲ ಬಳಿಯ ಒದ್ದೆ ಗಾಳಿ ತಣ್ಣಗಿನ ಕೋಣೆಗೆ ನುಗ್ಗಿದರೆ ಗೋಡೆಯೆಲ್ಲ ಬೆವೆತು ಬೂಷ್ಟು ಹಿಡಿಯುತ್ತದೆ. ಕಣ್ಣು ಇಡುವುದು ತಪ್ಪಲ್ಲ, ಯಾವ ಕಣ್ಣು ಇಡುತ್ತಾರೆ ಎನ್ನುವುದು ಮುಖ್ಯ. ಒಳ್ಳೆಯ ಏರ್ಪಾಡಿನಲ್ಲಿ ಕಣ್ಣಿಗೂ ಬಾಗಿಲಿಗೂ ಮಾತುಕತೆ ಇರುತ್ತದೆ: ಬಾಗಿಲು ಮುಚ್ಚಿದ ಮೇಲೆ ಒಳಗೆ ಒಂದು ಸಲ ಚಲನೆ ಕಂಡರೆ, ಮತ್ತೆ ಬಾಗಿಲು ತೆರೆಯುವ ತನಕ ಒಳಗೆ ಜನ ಇದ್ದಾರೆಂದೇ ಅದು ನಂಬುತ್ತದೆ. ಅಗ್ಗದ್ದಕ್ಕೆ ಆ ನಂಬಿಕೆ ಇಲ್ಲ. ಇಂತಿಷ್ಟು ಹೊತ್ತು ಅಲ್ಲಾಟ ಕಾಣದಿದ್ದರೆ ಮುಗಿಯಿತು; ನಿದ್ದೆ ಹೋದವರೂ ಊರಿಗೆ ಹೋದವರೂ ಅದಕ್ಕೆ ಒಂದೇ.

ಉಡುಪಿ ಕಡೆಯ ಕಡಲತೀರದಲ್ಲಿ ನಾವು ಇಳಿದುಕೊಂಡಿದ್ದ ಜಾಗದಲ್ಲಿ ಇದ್ದದ್ದು ಈ ಎರಡನೆಯ ಜಾತಿ. ಅದೂ ಮೇ ತಿಂಗಳು. ನಡುರಾತ್ರಿ ಬೆವರಿ ಎಚ್ಚರವಾಗಿ, ಮಲಗಿದಲ್ಲಿಂದಲೇ ಕತ್ತಲಿಗೆ ಕೈ ಬೀಸುತ್ತಿದ್ದೆ. “ಯಾರಿಗೆ ಟಾಟಾ ಮಾಡ್ತಿದೀರಿ?” ಎಂದಳು ಹೆಂಡತಿ. ಭಾವನ ಹುಚ್ಚನ್ನು ಹಗಲೆಲ್ಲ ಆಡಿಕೊಂಡು ನಕ್ಕಿದ್ದವನು ನಾನೇ ಆದ್ದರಿಂದ, ಸೊಳ್ಳೆ ಎಂದೆ.

ಆ ಸಲ ಭಾವನ ತಾಯಿಯೂ ಬಂದಿದ್ದರು. ತೊಂಬತ್ತರ ಹತ್ತಿರದವರು, ಕಿವಿ ಮಂದ, ಮಂಡಿ ನೋವು, ಬುದ್ಧಿ ಮಾತ್ರ ಚುರುಕು. ಸಮುದ್ರ ನೋಡಬೇಕು ಅಂದಿದ್ದರು. ಕರೆದುಕೊಂಡು ಹೋಗಿ ನಿಲ್ಲಿಸಿದ್ದಾಯಿತು. ಸ್ವಲ್ಪ ಹೊತ್ತು ನೋಡಿ, “ತುಂಬಾನೇ ಇದೆ” ಎಂದು ಹೇಳಿ, ಕೋಣೆಗೆ ಬಂದು ಮಲಗಿದರು. ನಾವೆಲ್ಲ ಮಲ್ಪೆಗೆ ಹೋಗಿ ಮೀನು, ದೋಣಿ, ಸೂರ್ಯಾಸ್ತ ಎಲ್ಲ ಮುಗಿಸಿ ಬಂದು ಬಾಗಿಲು ತೆಗೆದರೆ ಒಳಗೆ ಕುದಿಯುವ ಕತ್ತಲೆ. ಅಮ್ಮ ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿ ಬೆವರುತ್ತಿದ್ದರು.

“ಎಸಿ ಯಾಕಮ್ಮ ಆರಿಸಿದೆ?”

“ನಾನು ಮುಟ್ಟಿಲ್ಲಪ್ಪ. ಅದೇ ನಿಂತ್ಹೋಯ್ತು. ನಾನು ಹೋದೆ ಅಂದ್ಕೊಂಡ್ತೇನೋ!” ಎಂದು ಅಮ್ಮ ನಕ್ಕರು. ಭಾವ ನಗಲಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗ ಶುರುವಾಯಿತು. ಮೊದಲು ಮೊಮ್ಮಗನ ಬೆಲೂನು. ಅದನ್ನು ದಾರಕ್ಕೆ ಕಟ್ಟಿ, ಫ್ಯಾನಿನ ಗಾಳಿಗೆ ಕುಣಿಯಬಿಟ್ಟು, ನಮ್ಮನ್ನೆಲ್ಲ ಗೋಡೆಗೆ ಒರಗಿಸಿ ಉಸಿರು ಬಿಗಿಹಿಡಿಸಿ ಕಾದರು. ಬೆಲೂನು ಎಷ್ಟು ಕುಣಿದರೂ ಎಸಿ ಆರಿಯೇ ಹೋಯಿತು. ಭಾವ ಹಣೆ ಚಚ್ಚಿಕೊಂಡರು. ಬೆಲೂನಿಗೂ ಕೋಣೆಗೂ ಶಾಖ ಒಂದೇ. ಕಣ್ಣಿನ ಪಾಲಿಗೆ ಅಲ್ಲಿ ಬೆಲೂನೇ ಇಲ್ಲ. ಬೇಕಾದದ್ದು ಮೈಬಿಸಿ ಇರುವ, ಅಲ್ಲಾಡುವ ಏನಾದರೊಂದು. ಅವರ ದೃಷ್ಟಿ ನನ್ನ ಮೇಲೆ ನಿಂತಿತು. ನಾನು ತಿಂಡಿಗೆ ಹೊತ್ತಾಯಿತೆಂದು ಹೊರಟೆ.

ನಾನು ತಪ್ಪಿಸಿಕೊಂಡ ಮೇಲೆ ಸಿಕ್ಕಿದ್ದು ಅಮ್ಮನ ಮಂಡಿಗೆ ಶಾಖ ಕೊಡುವ ರಬ್ಬರಿನ ಬಿಸಿನೀರಿನ ಚೀಲ. ಕೆಟಲಿನಲ್ಲಿ ನೀರು ಕಾಯಿಸಿ ತುಂಬಿದರು. ನೇತುಹಾಕಲು ಸರಿಯಾದ ಕೊಂಡಿ ಇಲ್ಲದ್ದರಿಂದ ತಮ್ಮದೊಂದು ಬನಿಯನ್ನನ್ನು ಹ್ಯಾಂಗರಿಗೆ ತೊಡಿಸಿ, ಅದರ ಹೊಟ್ಟೆಯೊಳಗೆ ಚೀಲವನ್ನಿಟ್ಟು, ಕೆಳಗೆ ಬೀಳದಂತೆ ಟೇಪು ಸುತ್ತಿ, ಪರದೆಯ ಸರಳಿಗೆ ದಾರದಲ್ಲಿ ಇಳಿಬಿಟ್ಟರು. ಫ್ಯಾನನ್ನು ಒಂದರಲ್ಲಿ ಇಟ್ಟರು. ತಲೆಯಿಲ್ಲದ, ಹೊಟ್ಟೆ ಬಂದ ಬನಿಯನ್ನೊಂದು ಕಿಟಕಿಯ ಮುಂದೆ ಮೆಲ್ಲಗೆ ಅತ್ತಿಂದಿತ್ತ ತೂಗತೊಡಗಿತು. ಎಸಿ ಆರಲಿಲ್ಲ. ಭಾವ ಗಡಿಯಾರ ನೋಡಿಕೊಂಡು ಇನ್ನಷ್ಟು ಕಾದರು. ಆಗಲೂ ಆರಲಿಲ್ಲ. ಪರದೆ ಎಳೆದು, ಅಮ್ಮನಿಗೆ ಕತ್ತಿನವರೆಗೆ ಹೊದಿಸಿ, ಗೆದ್ದ ಮುಖದಲ್ಲಿ ದೋಸೆ ಕೌಂಟರಿಗೆ ಬಂದರು.

ಕೋಣೆ ಗುಡಿಸುವ ಹುಡುಗ ಬೆಲ್ ಮಾಡಿದ್ದಾನೆ. ಅಮ್ಮನಿಗೆ ಕೇಳಿಸಿಲ್ಲ. ಯಾರೂ ಇಲ್ಲವೆಂದುಕೊಂಡು ತನ್ನ ಕೀಲಿಯಿಂದ ಬಾಗಿಲು ತೆಗೆದಿದ್ದಾನೆ. ಮಬ್ಬುಗತ್ತಲೆಯಲ್ಲಿ ಬನಿಯನ್ನು ಅವನ ಕಡೆಗೆ ತಿರುಗಿದೆ. ಟವೆಲುಗಳನ್ನು ಬೀಳಿಸಿ ಅವನು ಚೀರಿದ ಚೀರಾಟಕ್ಕೆ ಅಮ್ಮ ಎಚ್ಚೆತ್ತು, ಹೊದಿಕೆಯೊಳಗಿಂದಲೇ, “ಯಾರಪ್ಪಾ? ಕಾಫೀನಾ?” ಎಂದಿದ್ದಾರೆ. ಹುಡುಗ ಅಲ್ಲಿ ಕಾಲಿಟ್ಟವನು ಇಲ್ಲಿ ರಿಸೆಪ್ಷನ್ನಿನಲ್ಲಿ ನಿಂತದ್ದು.

ಮ್ಯಾನೇಜರ್ ಬಂದರು. ಬನಿಯನ್ ನೋಡಿದರು, ಭಾವನನ್ನು ನೋಡಿದರು. “ಎಂಥದು ಸಾರ್ ಇದು? ನಮ್ಮ ಹುಡುಗ ಇನ್ನೂ ನಡುಗ್ತಾ ಇದ್ದಾನೆ ಮಾರಾಯ್ರೆ!”

“ನಿಮ್ಮ ಯಂತ್ರಕ್ಕೆ ಅಲ್ಲಾಡೋರು ಬೇಕಲ್ಲಪ್ಪ?” ಎಂದರು ಭಾವ. “ನಮ್ಮಮ್ಮನ ಕೈಲಿ ಅಲ್ಲಾಡಕ್ಕಾಗಲ್ಲ. ಅದಕ್ಕೆ ಒಬ್ಬನ್ನ ಮಾಡಿಟ್ಟೆ.”

ಮ್ಯಾನೇಜರ್ ಹಾಸಿಗೆಯ ಕಡೆ ತಿರುಗಿದರು. ಅಮ್ಮ ಕೈಮುಗಿದರು. ಆತ ಮರುಮಾತಾಡದೆ ಫೋನು ತೆಗೆದರು. ಎಲೆಕ್ಟ್ರಿಷಿಯನ್ ಬಂದು ಗೋಡೆಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು ಏನೋ ಬದಲಾಯಿಸಿದ. ಕಣ್ಣು ಮುಚ್ಚಿತು. “ಮೊದಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾರ್, ಮಾಡಿಕೊಡ್ತಿದ್ದೆವು” ಎಂದರು ಮ್ಯಾನೇಜರ್, ಬೇಸರವಿಲ್ಲದೆ.

ಭಾವನ ಮುಖ ಇಳಿದುಹೋದದ್ದನ್ನು ನಾನು ನೋಡಿದೆ. ಕೇಳಿದ್ದರೆ ಸಿಗುತ್ತಿತ್ತು ಎನ್ನುವುದಕ್ಕಿಂತ ದೊಡ್ಡ ಅವಮಾನ ಈ ಬಗೆಯವರಿಗಿಲ್ಲ. ಅಯಸ್ಕಾಂತ ಹೊತ್ತುಕೊಂಡು ಊರೂರು ತಿರುಗುವವರಿಗೆ ತಂಪು ಒಂದು ನೆಪ, ಬೇಕಾದದ್ದು ಗೆಲುವು. ಅದನ್ನು ಯಾರಾದರೂ ಒಳ್ಳೆಯ ಮಾತಿನಲ್ಲಿ ಕೈಗಿತ್ತುಬಿಟ್ಟರೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಆ ಹುಡುಗನ ಕೈಗೆ ಭಾವ ಐನೂರರ ನೋಟು ತುರುಕಿದ್ದನ್ನೂ ನೋಡಿದೆ. ದೋಸೆಯ ನ್ಯಾಯ ಬಲ್ಲ ನನಗೆ ಆ ಐನೂರರ ತೂಕ ಗೊತ್ತು.

ಅಂತೂ ಎಸಿ ಅಡ್ಡಿಯಿಲ್ಲದೆ ಓಡತೊಡಗಿತು. ಅರ್ಧ ಗಂಟೆಯಾಗಿರಬೇಕು. “ಚಳಿ ಕಣೋ. ಮಂಡಿ ಹಿಡ್ಕೋತಿದೆ” ಎಂದರು ಅಮ್ಮ. “ನನ್ನ ಬಿಸಿನೀರಿನ ಚೀಲ ಎಲ್ಲಿಟ್ಟೆ?”

ಭಾವ ಬನಿಯನ್ನಿನ ಟೇಪು ಬಿಚ್ಚಲು ಕೂತರು.

ಅಗ್ಗದ ಯಂತ್ರವನ್ನು ಬೈದು ಏನು ಬಂತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅಲ್ಲಾಡದವರು ನಮ್ಮ ಲೆಕ್ಕದಿಂದಲೂ ಬೇಗ ಬಿಟ್ಟುಹೋಗುತ್ತಾರೆ. ಹಾಲಿನಲ್ಲಿ ಹರಟುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋಗುವಾಗ ಕಿಟಕಿ ಪಕ್ಕದ ಕುರ್ಚಿಯವರಿಗೆ ಹೇಳಿ ಹೋಗುವುದಿಲ್ಲ. ಟಿವಿ ಆರಿಸುವ ಮುನ್ನ ಅವರು ನೋಡುತ್ತಿದ್ದಾರೋ ಎಂದು ಕೇಳುವುದಿಲ್ಲ. ಇದ್ದಾರೆ ಎಂದು ತೋರಿಸಿಕೊಳ್ಳಲು ಅವರೇ ಒಂದು ಸಲ ಕೆಮ್ಮಬೇಕು. ಭಾವನ ಬಗ್ಗೆ ಬರೆಯಲು ಕೂತವನು ಪ್ರವಚನಕ್ಕೆ ಇಳಿದೆನೋ ಏನೋ. ಅವರ ಕಿವಿಗೆ ಬಿದ್ದರೆ ಇದನ್ನೂ ಆರಿಸಿ ಹೋಗುತ್ತಾರೆ.

ರೆಸಾರ್ಟಿನಿಂದ ಬಂದ ಮೇಲೆ ಭಾವ ಬದಲಾದರು ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಸಂತೋಷಪಟ್ಟಿದ್ದೆ. ಹೋಗಿ ನೋಡಿದರೆ ಬದಲಾವಣೆ ಹೀಗಿದೆ: ಶತ್ರುವಿನ ಸಾಮರ್ಥ್ಯಕ್ಕೆ ಮನಸೋತು, ಪೋರ್ಟಿಕೋ, ಮೆಟ್ಟಿಲು, ಕಾರಿಡಾರ್ ಎಲ್ಲ ಕಡೆಗೂ ಕಣ್ಣು ಹಾಕಿಸಿದ್ದಾರೆ. ಅಮ್ಮನ ಕೋಣೆಯಲ್ಲಿ ಮಾತ್ರ ಹಳೇ ಸ್ವಿಚ್ಚು, ಅದೂ ಮಂಚದಿಂದ ಕೈಗೆಟುಕುವ ಹಾಗೆ ಕೆಳಕ್ಕಿಳಿಸಿದ್ದು. ನಾವು ಅಲ್ಲಾಡಬಲ್ಲವರು, ನಮಗೆ ವಿನಾಯಿತಿ ಇಲ್ಲ. ಬಾತ್‌ರೂಮಿನಲ್ಲೂ ಇಲ್ಲ. ಕೂತು ಇನ್ನೂ ಪೂರ್ತಿ ನಿರಾಳವಾಗಿರಲಿಲ್ಲ, ದೀಪ ಆರಿತು. ಕೈ ಬೀಸಿದೆ. ಕಣ್ಣು ಬಾಗಿಲ ಮೇಲ್ಗಡೆ ಇದೆ, ಕೂತವರ ಕೈ ಅದರ ಪಟ್ಟೆಗೆ ಸಿಗುವುದಿಲ್ಲ ಎಂದು ಹೊರಗಿನಿಂದ ಭಾವನೇ ವಿವರಿಸಿದರು.

“ಎದ್ದು ನಿಂತ್ಕೊಳಯ್ಯಾ! ನಿಂತ್ಕೊಂಡು ಎರಡು ಹೆಜ್ಜೆ ನಡಿ!”

ಯಾವ ಸ್ಥಿತಿಯಲ್ಲಿದ್ದೇನೆಂದು ಕೂಗಿ ಹೇಳಿದೆ. ಆಚೆ ಅಕ್ಕ ನಕ್ಕದ್ದು ಕೇಳಿಸಿತು. ಭಾವ ಸ್ವಲ್ಪ ಹೊತ್ತು ಯೋಚಿಸಿದರು.

“ಒಳಗೆ ಗೀಸರ್ ಇದೆ ನೋಡು” ಎಂದರು. “ಬಿಸಿನೀರು ಬಿಟ್ಟು, ಮಗ್ಗು ಎತ್ತಿ ಆಡಿಸು.”